ಹುಳು ಮನೆಯ ಜಿಐ ಸ್ಟ್ಯಾಂಡ್: ಆರು ವರ್ಷ ಬಳಸಿದ ಮೇಲೆ

ಶಿಡ್ಲಘಟ್ಟದ ಹತ್ತಿರ ನಮ್ಮ ಹುಳು ಮನೆ, ಅಂದರೆ ರೇಷ್ಮೆ ಹುಳು ಸಾಕುವ ಮನೆ. ವರ್ಷಕ್ಕೆ ಏಳೆಂಟು ಬೆಳೆ ತೆಗೆಯುತ್ತೇವೆ. ಹಸಿ ಸೊಪ್ಪಿನ ತೇವ ಸದಾ ಇರುತ್ತದೆ. ಅದರ ಮೇಲೆ ಪ್ರತಿ ಬೆಳೆಗೂ ಬ್ಲೀಚಿಂಗ್ ಪೌಡರ್, ಸುಣ್ಣದ ನೀರು. ಪೇಂಟ್ ಹೊಡೆಸಿದ್ದ ಹಳೇ ಸ್ಟ್ಯಾಂಡ್ ಎರಡೇ ವರ್ಷಕ್ಕೆ ಪೊರೆ ಎದ್ದಿತು. ತುಕ್ಕಿನ ಚೂರು ಹುಳುಗಳ ಮೇಲೇ ಉದುರುತ್ತಿತ್ತು. ನೋಡಿ ಹೊಟ್ಟೆ ಉರಿಯುತ್ತಿತ್ತು.

2019ರಲ್ಲಿ ಎರಡು ಸಾಲಿಗೆ ನೀಲಿ ಪಟ್ಟಿಯ ಬಿ ಕ್ಲಾಸ್ (ಮಧ್ಯಮ ದಪ್ಪದ) ಜಿಐ ಪೈಪ್, ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪ್ ಹಾಕಿಸಿದೆ. ದುಡ್ಡು ಸಾಲದೆ ಮೂರನೇ ಸಾಲಿಗೆ ತೆಳು ಜಿಪಿ ಪೈಪ್, ಅಂದರೆ ಮೊದಲೇ ಸತು ಲೇಪಿಸಿದ ತಗಡನ್ನು ಸುತ್ತಿ ಮಾಡಿದ್ದು. ಅಂಗಡಿಯಲ್ಲಿ ಜಿಪಿಯೇ ಜಾಸ್ತಿ ಹೊಳೆಯುತ್ತಿತ್ತು. ಹೊಳಪಿಗೆ ಮರುಳಾಗಬೇಡಿ, ಸತು ಎಷ್ಟಿದೆ ಕೇಳಿ. ಜಿಪಿಯಲ್ಲಿ 120 ಜಿಎಸ್‌ಎಂ ಅಂದರೆ ತಗಡಿನ ಎರಡೂ ಮುಖ ಸೇರಿ ಚದರ ಮೀಟರಿಗೆ 120 ಗ್ರಾಂ. ಒಂದು ಮುಖಕ್ಕೆ ಬರುವುದು ಸುಮಾರು 8 ಮೈಕ್ರಾನ್ ಅಷ್ಟೇ. ಜಿಐ ಪೈಪನ್ನು ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಮುಳುಗಿಸಿ ತೆಗೆಯುತ್ತಾರೆ. ಒಳಗೂ ಹೊರಗೂ ದಪ್ಪಗೆ ಹಿಡಿಯುತ್ತದೆ.

ಒಮ್ಮೆ ಸೊಪ್ಪಿನ ಹೊರೆ ಇಳಿಸುವಾಗ ಕುಡುಗೋಲು ತಾಗಿ ಜಿಐ ಕಾಲಿನ ಮೇಲೆ ಅಕ್ಕಿಕಾಳಿನುದ್ದ ಗೀರು ಬಿತ್ತು. ಕಬ್ಬಿಣ ಕಾಣುತ್ತಿತ್ತು. ನಾಲ್ಕು ವರ್ಷ ಆಯಿತು, ಈಗಲೂ ಅಲ್ಲಿ ಬೂದು ಬಣ್ಣವೇ, ಕೆಂಪು ಬಂದಿಲ್ಲ. ಪಕ್ಕದ ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಪೇಂಟಿಗೆ ಈ ಗುಣ ಇಲ್ಲ ಅಲ್ವಾ?

ಜಿಪಿ ಸಾಲು ಕೈಕೊಟ್ಟಿದ್ದು ಕೆಳಗೆ. ಇರುವೆ ಹತ್ತದಂತೆ ಕಾಲಿನಡಿ ನೀರಿನ ಬಟ್ಟಲು ಇಡುತ್ತೇವಲ್ಲ, ಸರಿಯಾಗಿ ಆ ನೀರಿನ ಮಟ್ಟದಲ್ಲಿ ತಿಂದುಹಾಕಿದೆ. ನಾಲ್ಕನೇ ವರ್ಷ ಬೆರಳಿಟ್ಟು ಒತ್ತಿದೆ, ತೂತು ಬಿತ್ತು. ಜಿಐ ಕಾಲುಗಳಲ್ಲಿ ಅದೇ ಜಾಗದಲ್ಲಿ ಬಿಳಿ ಪುಡಿ ಇದೆ, ಅಷ್ಟೇ.

ಜಿಐನಲ್ಲೂ ಒಂದು ನೋವು: ವೆಲ್ಡಿಂಗ್ ಜಾಗ. ಆ ಶಾಖಕ್ಕೆ ಸತು ಸುಟ್ಟುಹೋಗುತ್ತದೆ. ಮಾಡಿಕೊಟ್ಟವರು ಸುಮ್ನೆ ಸಿಲ್ವರ್ ಪೇಂಟ್ ಬಳಿದಿದ್ದರು. ವರ್ಷದೊಳಗೆ ಪ್ರತಿ ಜಾಯಿಂಟೂ ಕೆಂಪಾಯಿತು. ತಂತಿ ಬ್ರಷ್‌ನಿಂದ ಉಜ್ಜಿ, ಝಿಂಕ್ ರಿಚ್ ಪ್ರೈಮರ್ (ಸತುವಿನ ಪುಡಿ ಹೆಚ್ಚಿರುವ ಪೇಂಟ್) ಎರಡು ಕೋಟ್ ಕೊಟ್ಟ ಮೇಲೆ ನಿಂತಿದೆ. ಬ್ಲೀಚಿಂಗ್ ಹೊಡೆದು ಹೊತ್ತು ಕಳೆದ ಮೇಲೆ ಬರೀ ನೀರಿನಲ್ಲಿ ಸ್ಟ್ಯಾಂಡ್ ತೊಳೆಯುವುದನ್ನೂ ಮರೆಯಬೇಡಿ. ಕ್ಲೋರಿನ್ ಅಂಟಿಕೊಂಡೇ ಇದ್ದರೆ ಸತುವನ್ನೂ ಬಿಡುವುದಿಲ್ಲ.

ಈ ಬೆಳೆ ಗೂಡು ಇಳಿದ ಮೇಲೆ ಮೂರನೇ ಸಾಲು ಬಿಚ್ಚುತ್ತೇನೆ. ಅಲ್ಲಿಗೂ ನೀಲಿ ಪಟ್ಟಿಯದ್ದೇ, ವೆಲ್ಡಿಂಗ್ ಬದಲು ಕ್ಲಾಂಪ್.