ಕುಶಾಲನಗರದ ಎಂಜಿನಿಯರಿಂಗ್ ಎಕನಾಮಿಕ್ಸ್ ಟ್ಯೂಷನ್: ಕೊಟ್ಟ ದುಡ್ಡಿಗೆ ಮೋಸವಿಲ್ಲ

ಎಂಜಿನಿಯರಿಂಗ್ ಎಕನಾಮಿಕ್ಸ್‌ಗೂ, ಅಂದರೆ ಯಾವ ಯಂತ್ರ, ಯಾವ ಕೆಲಸ ದುಡ್ಡಿನ ಲೆಕ್ಕದಲ್ಲಿ ಲಾಭ ಅಂತ ನೋಡುವ ಸಬ್ಜೆಕ್ಟ್‌ಗೂ, ಟ್ಯೂಷನ್ ಬೇಕಾ ಅಂತ ನಮ್ಮ ಕ್ಲಾಸಿನಲ್ಲಿ ತುಂಬಾ ಜನ ಕೇಳಿದರು. ಮ್ಯಾಥ್ಸ್‌ಗೆ ಹೋಗುತ್ತಾರೆ, ಸ್ಟ್ರಕ್ಚರ್ಸ್‌ಗೆ ಹೋಗುತ್ತಾರೆ. ಇದನ್ನು ಮಾತ್ರ ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಸಾಕು ಅನ್ನುವುದು ಸೀನಿಯರ್‌ಗಳ ಮಾತು. ಪಾಸ್ ಆಗೋಕೆ ಸಾಕಾಗಬಹುದು. ಆದರೆ ಕಾಫಿ ತೋಟ ಇರುವ ಮನೆಯ ಮಕ್ಕಳಿಗೆ ಇದರಷ್ಟು ಹತ್ತಿರದ ಸಬ್ಜೆಕ್ಟ್ ಇನ್ನೊಂದಿಲ್ಲ ಅಂತ ನನಗೆ ಅನಿಸುತ್ತದೆ.

ನಾನು ಸಿವಿಲ್ ಓದುತ್ತಿದ್ದೇನೆ. ಮನೆ ಸುಂಟಿಕೊಪ್ಪದ ಹತ್ತಿರ, ಸ್ವಲ್ಪ ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಕರಿಮೆಣಸು. ಈ ಸೆಮಿಸ್ಟರ್ ಪೂರ್ತಿ ಭಾನುವಾರ ಬೆಳಿಗ್ಗೆ ಕುಶಾಲನಗರದ ಈ ಟ್ಯೂಷನ್‌ಗೆ ಹೋದೆ. ಹೇಳಿಕೊಡುವವರು ನೀರಾವರಿ ಕೆಲಸಗಳಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಮನೆಯ ಮಹಡಿಯಲ್ಲೇ ಕ್ಲಾಸ್. ಹೆಸರಿಲ್ಲ, ಬೋರ್ಡಿಲ್ಲ. ಇಡೀ ಸೆಮಿಸ್ಟರ್‌ಗೆ ಫೀಸ್ 3,000 ರೂಪಾಯಿ.

ಕಾಲೇಜಿನಲ್ಲಿ ಮೊದಲ ದಿನವೇ ಬೋರ್ಡ್ ತುಂಬಾ ಸೂತ್ರ ಬರೆದಿದ್ದರು. ಇಲ್ಲಿ ಮೊದಲ ಕ್ಲಾಸಿನಲ್ಲಿ ಒಂದೂ ಸೂತ್ರ ಬರಲಿಲ್ಲ. ಸರ್ ಒಂದು ಅಡ್ಡಗೆರೆ ಎಳೆದು ಸೊನ್ನೆಯಿಂದ ಹತ್ತರವರೆಗೆ ವರ್ಷ ಗುರುತು ಮಾಡಿದರು. ಬರುವ ದುಡ್ಡಿಗೆ ಮೇಲೆ ಬಾಣ, ಹೋಗುವ ದುಡ್ಡಿಗೆ ಕೆಳಗೆ ಬಾಣ. ಅದೇ ಕ್ಯಾಶ್ ಫ್ಲೋ ಡಯಾಗ್ರಾಮ್. ಇದು ಯಾರ ಜೇಬಿನ ಚಿತ್ರ ಅಂತ ಮೊದಲು ಬರೆಯಲೇಬೇಕು. ಸಾಲ ತೆಗೆದುಕೊಂಡವನಿಗೆ ಮೇಲಿರುವ ಬಾಣ ಬ್ಯಾಂಕಿಗೆ ಕೆಳಗಿರುತ್ತದೆ ಅಲ್ವಾ? ಅಷ್ಟು ಸರಿಯಾದರೆ ಅರ್ಧ ಲೆಕ್ಕ ಮುಗಿದ ಹಾಗೆ.

ವರ್ಷದ ನಡುವೆ ನಡೆಯುವುದನ್ನೆಲ್ಲ ವರ್ಷದ ಕೊನೆಗೆ ತಂದು ಹಾಕುವ ಪದ್ಧತಿ ಈ ಸಬ್ಜೆಕ್ಟ್‌ನಲ್ಲಿ ಇದೆ. ಸಂಬಳದ ಮನೆಯಿಂದ ಬಂದ ಗೆಳೆಯರಿಗೆ ಅದು ವಿಚಿತ್ರವಾಗಿ ಕಂಡಿತು. ನಮಗೆ ಹಾಗನಿಸಲಿಲ್ಲ. ಕೊಯ್ಲು ಮುಗಿದು, ಕಾಫಿ ಒಣಗಿ, ಮಾರಿದ ಮೇಲೆಯೇ ನಮ್ಮ ಮನೆಗೆ ದುಡ್ಡು ಬರುವುದು. ಅಂಗಡಿಯ ಬಾಕಿ, ಗೊಬ್ಬರದ ಬಾಕಿ, ಬ್ಯಾಂಕಿನ ಸಾಲ ಎಲ್ಲವೂ ಆಗಲೇ ತೀರುವುದು. ವರ್ಷಕ್ಕೊಂದು ದೊಡ್ಡ ಬಾಣ ಹಾಕಿದರೆ ನಮ್ಮ ಲೆಕ್ಕ ಸರಿಯಾಗಿಯೇ ಕೂರುತ್ತದೆ.

ಈ ಟ್ಯೂಷನ್ ಯಾಕೆ ಒಳ್ಳೆಯದು ಅಂತ ತೋರಿಸೋಕೆ ಒಂದೇ ಪ್ರಾಬ್ಲಂ ಸಾಕು. ಹೂಮಳೆ (ಕಾಫಿ ಗಿಡ ಹೂ ಬಿಡೋಕೆ ಬೇಕಾದ ಮಳೆ) ಸಮಯಕ್ಕೆ ಬರದಿದ್ದರೆ ರೋಬಸ್ಟಾಗೆ ಸ್ಪ್ರಿಂಕ್ಲರ್ ಹಾಕಲೇಬೇಕು. ಡೀಸೆಲ್ ಪಂಪಾ, ಕರೆಂಟ್ ಪಂಪಾ? ಡೀಸೆಲ್‌ಗೆ ಬೆಲೆ 80,000, ವರ್ಷದ ಖರ್ಚು 40,000. ಕರೆಂಟ್‌ಗೆ ಬೆಲೆ 1,40,000, ವರ್ಷದ ಖರ್ಚು 25,000. ಎರಡೂ ಹತ್ತು ವರ್ಷ ಬಾಳುತ್ತವೆ ಅಂತ ಇಟ್ಟುಕೊಳ್ಳಿ. ಈ ಅಂಕಿಗಳು ಲೆಕ್ಕಕ್ಕೆ ಮಾತ್ರ.

ಶೇ. 10ರ ಬಡ್ಡಿಯಲ್ಲಿ ಪ್ರೆಸೆಂಟ್ ವರ್ತ್, ಅಂದರೆ ಹತ್ತು ವರ್ಷದ ಒಟ್ಟು ಖರ್ಚಿನ ಇವತ್ತಿನ ಬೆಲೆ, ತೆಗೆದರೆ ಡೀಸೆಲ್‌ಗೆ ಸುಮಾರು 3,25,800, ಕರೆಂಟ್‌ಗೆ ಸುಮಾರು 2,93,600. ಕರೆಂಟ್ ಪಂಪ್ ಗೆದ್ದಿತು. ನೋಟ್ಸಿನಲ್ಲಿ ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಸರ್ ಅಲ್ಲಿಂದಲೇ ಶುರು ಮಾಡಿದರು. ಎರಡರ ವ್ಯತ್ಯಾಸ ಮಾತ್ರ ತೆಗೆಯಿರಿ ಅಂದರು. ಇವತ್ತು 60,000 ಹೆಚ್ಚು ಹಾಕಿದರೆ ವರ್ಷಕ್ಕೆ 15,000 ಉಳಿಯುತ್ತದೆ. ಈ ಹೆಚ್ಚಿನ ದುಡ್ಡು ಎಷ್ಟು ಬಡ್ಡಿ ದುಡಿಯುತ್ತದೆ? ಲೆಕ್ಕ ಹಾಕಿದರೆ ಶೇ. 21 ಮತ್ತು 22ರ ನಡುವೆ ಬಂತು.

ಆಮೇಲೆ ಕೇಳಿದರು: ಆ 60,000 ಬ್ಯಾಂಕಿನಿಂದ ಬರದೆ ಕೈಸಾಲದಿಂದ ಬಂದರೆ? ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ. ನಾವೆಲ್ಲ ಶೇ. 24 ಅಂತ ಬರೆದೆವು. ತಿಂಗಳು ತಿಂಗಳು ಅಸಲಿಗೆ ಸೇರುತ್ತಾ ಹೋದರೆ ಅದು ವರ್ಷಕ್ಕೆ ಶೇ. 26.82 ಆಗುತ್ತದೆ. ಆ ದರದಲ್ಲಿ ಹತ್ತು ವರ್ಷದ ಉಳಿತಾಯಕ್ಕೆ ಇವತ್ತಿನ ಬೆಲೆ 50,700ರ ಆಸುಪಾಸು. 60,000 ಹಾಕಿ ಅಷ್ಟು ಪಡೆಯುವುದು ನಷ್ಟ. ಅದೇ ಪಂಪ್, ಅದೇ ತೋಟ, ಆದರೆ ಈಗ ಡೀಸೆಲ್ ಸರಿ. ಬಡ್ಡಿಯ ದರ ಸುಮ್ನೆ ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟ ಒಂದು ಅಂಕಿ ಅಲ್ಲ, ಯಾರ ಹತ್ತಿರ ಸಾಲ ಸಿಗುತ್ತದೆ ಅನ್ನುವುದೇ ಅದು ಅಂತ ಆವತ್ತು ಗೊತ್ತಾಯಿತು. ಕೈಯಲ್ಲಿ ದುಡ್ಡಿಲ್ಲದವರು ಹಳೆಯ ಡೀಸೆಲ್ ಪಂಪ್ ಬಿಡದೆ ಇರುವುದನ್ನು ದಡ್ಡತನ ಅಂತ ಇನ್ನು ನಾನು ಹೇಳುವುದಿಲ್ಲ.

ಪ್ರತಿ ಉತ್ತರದ ಕೆಳಗೆ ಯಾವುದನ್ನು ಆರಿಸುತ್ತೀರಿ, ಯಾಕೆ ಅಂತ ಒಂದು ಸಾಲು ಬರೆಯಬೇಕು. ಬರೆಯದಿದ್ದರೆ ಅಂಕಿ ಸರಿ ಇದ್ದರೂ ಪೇಪರ್ ವಾಪಸ್. ನನಗೆ ತುಂಬಾ ಇಷ್ಟವಾದ ಕಟ್ಟುನಿಟ್ಟು ಇದು.

ಸಂಕ್ ಕಾಸ್ಟ್, ಅಂದರೆ ಈಗಾಗಲೇ ಖರ್ಚಾಗಿ ವಾಪಸ್ ಬಾರದ ದುಡ್ಡು, ಹೇಳೋಕೆ ಹಳೆಯ ಜೀಪ್ ತೆಗೆದುಕೊಂಡರು. ಹೋದ ವರ್ಷ ಎಂಜಿನ್‌ಗೆ ಎಷ್ಟು ಸುರಿದಿರಿ ಅನ್ನುವುದು ಹೊಸದು ಕೊಳ್ಳುವ ಲೆಕ್ಕಕ್ಕೆ ಬರುವುದಿಲ್ಲ. ಇವತ್ತು ಮಾರಿದರೆ ಎಷ್ಟು ಸಿಗುತ್ತದೆ, ಇಟ್ಟುಕೊಂಡರೆ ಮುಂದೆ ಎಷ್ಟು ಖರ್ಚು, ಅಷ್ಟೇ. ಕೊಡಗಿನಲ್ಲಿ ಇದನ್ನು ಮನೆಯವರಿಗೆ ಒಪ್ಪಿಸುವುದು ಕಷ್ಟ. ಜೀಪ್ ಅಂದರೆ ಇಲ್ಲಿ ಪ್ರೀತಿ ಜಾಸ್ತಿ.

ರೈಲೇ ಇಲ್ಲದ ನಮ್ಮ ಜಿಲ್ಲೆಯ ಮಹಡಿಯಲ್ಲಿ ಕೂತು ಈ ಸಬ್ಜೆಕ್ಟ್ ಬೆಳೆದದ್ದು ರೈಲಿನಿಂದ ಅಂತ ಕೇಳಿದ್ದೂ ಚೆನ್ನಾಗಿತ್ತು. ಹಳಿ ಎಲ್ಲಿ ಹಾಕಬೇಕು ಅನ್ನುವುದು ದುಡ್ಡಿನ ಪ್ರಶ್ನೆ ಕೂಡ ಅಂತ ಅಮೆರಿಕದ ರೈಲ್ವೆ ಎಂಜಿನಿಯರ್ ಆರ್ಥರ್ ವೆಲ್ಲಿಂಗ್ಟನ್ ವಿವರವಾಗಿ ಬರೆದರು. ಅವರ ಪುಸ್ತಕದ ವಿಸ್ತರಿಸಿದ ಆವೃತ್ತಿ ಬಂದದ್ದು 1887ರಲ್ಲಿ. ಇವತ್ತು ಕಟ್ಟುವಾಗ ಉಳಿಸಿದ ದುಡ್ಡು ಮುಂದೆ ಓಡಿಸುವಾಗ ವರ್ಷ ವರ್ಷ ಕೈಬಿಟ್ಟು ಹೋಗಬಹುದು. ನಮ್ಮ ಪಂಪಿನ ಪ್ರಶ್ನೆಯೂ ಅದೇ.

ಎಕ್ಸೆಲ್‌ಗೆ ಒಂದು ಕ್ಲಾಸ್ ಇತ್ತು. ಬರುವ ಹೋಗುವ ದುಡ್ಡಿನ ನಿವ್ವಳ ಇವತ್ತಿನ ಬೆಲೆ ತೆಗೆಯುವ ಅದರ ಎನ್‌ಪಿವಿ ಫಂಕ್ಷನ್ ಮೊದಲ ಅಂಕಿಯನ್ನು ಒಂದನೇ ವರ್ಷದ ಕೊನೆಯದು ಅಂತ ಹಿಡಿಯುತ್ತದೆ. ಹಾಗಾಗಿ ಇವತ್ತು ಹಾಕುವ ಬಂಡವಾಳವನ್ನು ಬ್ರಾಕೆಟ್‌ನ ಹೊರಗೆ ಕೂಡಿಸಬೇಕು. ಪ್ರಾಜೆಕ್ಟ್ ರಿಪೋರ್ಟ್ ಮಾಡುವ ಎಲ್ಲರಿಗೂ ಇದು ಗೊತ್ತಿರಬೇಕು.

ಕೊರತೆಗಳೂ ಇವೆ. ಡಿಪ್ರಿಸಿಯೇಷನ್, ಅಂದರೆ ಯಂತ್ರದ ಬೆಲೆ ವರ್ಷ ವರ್ಷ ಇಳಿಯುವ ಲೆಕ್ಕ, ಓಡಿಸಿಬಿಟ್ಟರು. ಪ್ರತಿ ವರ್ಷ ಸಮನಾಗಿ ಕಳೆಯುವ ಸ್ಟ್ರೈಟ್ ಲೈನ್ ಚೆನ್ನಾಗಿ ಆಯಿತು. ಆದರೆ ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರಗಳಿಗೆ ಉಳಿದ ಬೆಲೆಯ ಮೇಲೆ ಶೇ. 15 ಕಳೆಯುವ ಲೆಕ್ಕ ಒಂದೇ ಉದಾಹರಣೆಯಲ್ಲಿ ಮುಗಿಯಿತು. ತೆರಿಗೆ ಕಟ್ಟಿದ ಮೇಲಿನ ಕ್ಯಾಶ್ ಫ್ಲೋ ಬರಲೇ ಇಲ್ಲ. ಹಣದುಬ್ಬರವೂ ಅಷ್ಟೇ. ಡೀಸೆಲ್ ಬೆಲೆ ಹತ್ತು ವರ್ಷ ಒಂದೇ ಇರುವುದಿಲ್ಲ ಅಂತ ನಾನೇ ಕೇಳಿದೆ. ಅದಕ್ಕೆ ಇನ್ನೊಂದು ಕ್ಲಾಸ್ ಬೇಕು ಅಂದರು, ಆ ಕ್ಲಾಸ್ ನಡೆಯಲಿಲ್ಲ. ಜುಲೈ ಮಳೆಯಲ್ಲಿ ಕರೆಂಟ್ ಹೋದರೆ ಮಹಡಿ ಕತ್ತಲೆ. ತಗಡಿನ ಮೇಲೆ ಮಳೆ ಜೋರಾದರೆ ಹಿಂದಿನ ಬೆಂಚಿಗೆ ಮಾತು ಕೇಳುವುದಿಲ್ಲ. ಮಡಿಕೇರಿ ಕಡೆಯಿಂದ ಬರುವವರಿಗೆ ಭಾನುವಾರದ ಬಸ್ಸಿನ ಗೋಳು ಬೇರೆ. ಕ್ಲಾಸ್ ಅರ್ಧ ಗಂಟೆ ತಡವಾಗಿ ಶುರು ಮಾಡಿದರೆ ಎಲ್ಲರಿಗೂ ಅನುಕೂಲ.

ಬರೀ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಬೇಕು ಅನ್ನುವವರು ಇಲ್ಲಿಗೆ ಬರಬೇಡಿ, ಅದು ಇಲ್ಲಿ ಕಡಿಮೆ. ಬರುವವರು ಸೈಂಟಿಫಿಕ್ ಕ್ಯಾಲ್ಕುಲೇಟರ್ ಮತ್ತು ಗ್ರಾಫ್ ಹಾಳೆ ತನ್ನಿ. ಮೊದಲ ಭಾನುವಾರ ಮಾತ್ರ ತಪ್ಪಿಸಬೇಡಿ. ಬಾಣದ ಚಿತ್ರ ಅವತ್ತೇ ಹೇಳುತ್ತಾರೆ, ಆಮೇಲೆ ಸೇರಿದವರಿಗೆ ಅದನ್ನು ಮತ್ತೆ ಹೇಳುವುದಿಲ್ಲ.