ಆಟೋಮ್ಯಾಟಿಕ್ ಗೇರ್ ಬಾಕ್ಸ್ ಸದ್ದು ಮಾಡಿದರೆ ಯಾರ ಹತ್ತಿರ ಹೋಗಬೇಕು? ನಾನು ನೋಡಿದ ನಾಲ್ಕು ದಾರಿ

ಪಿಕಪ್ಪಿನ ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಕಡೆಯಿಂದ ಹೊಸ ಸದ್ದು ಶುರುವಾದರೆ ಬೆಂಗಳೂರಿನಲ್ಲಿ ಮೂರು ಬಾಗಿಲು ತಟ್ಟಬಹುದು. ಕಂಪನಿ ಸರ್ವೀಸ್ ಸೆಂಟರ್, ಏರಿಯಾ ಗ್ಯಾರೇಜ್, ಆಟೋಮ್ಯಾಟಿಕ್ ಮಾತ್ರ ನೋಡುವ ಸ್ಪೆಷಲಿಸ್ಟ್. ನಾಲ್ಕನೆಯದು ನಿಮ್ಮದೇ ಕಿವಿ, ಜೊತೆಗೊಂದು ಒಬಿಡಿ ಅಡಾಪ್ಟರ್, ಅಂದರೆ ಗಾಡಿಗೆ ಚುಚ್ಚಿ ಅದರ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದುವ ಸಣ್ಣ ಸಾಧನ. ನಮ್ಮ ಗಾಡಿಗೆ ನಾಲ್ಕೂ ಆಗಿದೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸದ್ದು ಯಾವಾಗ ಬರುತ್ತೆ ಅಂತ ಕೇಳಿ, ಪಕ್ಕದಲ್ಲಿ ಕೂತು ರಸ್ತೆಗೆ ಬರುವವರ ಹತ್ತಿರ ಹೋಗಿ. ಅವರ ಕೈಯಲ್ಲಿ ಯಾವ ಮೆಷಿನ್ ಇದೆ ಅನ್ನೋದು ಆಮೇಲಿನ ಮಾತು.

ನಮ್ಮದು ಡೀಸೆಲ್ ಪಿಕಪ್, 6 ಸ್ಪೀಡ್ ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಆಯಿಲ್ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಭಾಗ) ಇರುವ ಗೇರ್ ಬಾಕ್ಸ್. ವಾರವಿಡೀ ನಾಗರಭಾವಿ ಕಡೆಯ ರಿಂಗ್ ರೋಡ್ ಟ್ರಾಫಿಕ್ಕು, ರಜೆ ಬಂದರೆ ಮಾಗಡಿ ಹತ್ತಿರದ ತೋಟಕ್ಕೆ ಗೊಬ್ಬರ, ಪೈಪು, ಸಸಿ. ಸದ್ದು ಎರಡು ಥರ ಇತ್ತು. ಒಂದು, ಎಂಜಿನ್ ಏರಿದ ಹಾಗೆ ತಾನೂ ಏರುವ ಗುಂಯ್ ಸದ್ದು. ಇನ್ನೊಂದು, ರಿವರ್ಸಿನಿಂದ ಡ್ರೈವಿಗೆ ಹಾಕಿದಾಗ ಗಾಡಿ ಕೆಳಗೆಲ್ಲೋ ಟಕ್.

ಮೊದಲು ಅಡಾಪ್ಟರ್ ವಿಷಯ. ಕಡಿಮೆ ಬೆಲೆಯವು ಹೆಚ್ಚಾಗಿ ಎಂಜಿನ್ ಕಂಪ್ಯೂಟರನ್ನಷ್ಟೇ ಓದುತ್ತವೆ, ಗೇರ್ ಬಾಕ್ಸಿನದಕ್ಕೆ ಕೈ ಹಾಕುವುದಿಲ್ಲ. ಪಿ0700 ಅಂತ ಕೋಡ್ ಬಂದರೂ ಅದರ ಅರ್ಥ ‘ಗೇರ್ ಬಾಕ್ಸಿನ ಕಂಪ್ಯೂಟರ್ ಏನೋ ಬರೆದಿಟ್ಟಿದೆ, ಅದನ್ನೇ ಕೇಳಿ’ ಅಂತಷ್ಟೆ. ಇನ್ನೊಂದು ಮುಖ್ಯ ಮಾತು: ಆಯಿಲ್ ಪ್ರೆಶರ್, ಬಿಸಿ, ಸ್ಲಿಪ್ (ಒಳಗೆ ಹಿಡಿತ ಜಾರುವುದು), ಸೊಲೆನಾಯ್ಡ್ (ಆಯಿಲ್ ಹರಿವು ನಿಯಂತ್ರಿಸುವ ವಿದ್ಯುತ್ ವಾಲ್ವ್) ಇವಕ್ಕೆ ಕೋಡ್ ಇದೆ. ಸದ್ದಿಗೆ ಇಲ್ಲ. ಕೋಡ್ ಬಂದಿಲ್ಲ ಅಂದ ಮಾತ್ರಕ್ಕೆ ಗೇರ್ ಬಾಕ್ಸ್ ಚೆನ್ನಾಗಿದೆ ಅಂತ ಅಲ್ಲ.

ಕಿವಿಯ ಕೆಲಸ ಇದಕ್ಕಿಂತ ಎಷ್ಟೋ ವಾಸಿ, ಅದೂ ಬಿಟ್ಟಿ. ಗಾಡಿ ಪಾರ್ಕಿನಲ್ಲಿಟ್ಟು ಎಂಜಿನನ್ನು 1,500–2,000 ಆರ್‌ಪಿಎಂಗೆ ಏರಿಸಿ. ನಿಂತಲ್ಲೇ ಗುಂಯ್ ಅಂದರೆ ಅನುಮಾನ ಆಯಿಲ್ ಪಂಪಿನ ಮೇಲೆ, ಟಾರ್ಕ್ ಕನ್ವರ್ಟರ್ ಮೇಲೆ, ಇಲ್ಲವೇ ಎಂಜಿನ್ ಮುಂದಿನ ಬೆಲ್ಟು, ಆಲ್ಟರ್ನೇಟರ್ ಮೇಲೆ. ಎಂಜಿನ್ ತಿರುಗುವಷ್ಟು ಹೊತ್ತೂ ಪಂಪ್ ತಿರುಗುತ್ತಲೇ ಇರುತ್ತದೆ, ಪಾರ್ಕಿನಲ್ಲಿದ್ದರೂ. ನಿಂತಾಗ ಸದ್ದಿಲ್ಲ, ಓಡುವಾಗ ಮಾತ್ರ ಇದೆ ಅಂದರೆ ಮ್ಯಾನ್ಯುಯಲ್ ಮೋಡಿಗೆ ಹಾಕಿ ಒಂದೇ ವೇಗದಲ್ಲಿ ಗೇರ್ ಬದಲಿಸಿ ನೋಡಿ. ಗೇರ್ ಬದಲಾದರೂ ಸದ್ದಿನ ಶ್ರುತಿ ಹಾಗೇ ಇದ್ದರೆ ವೀಲ್ ಬೇರಿಂಗ್ ಅಥವಾ ಹಿಂದಿನ ಡಿಫರೆನ್ಷಿಯಲ್ (ಎರಡೂ ಹಿಂದಿನ ಚಕ್ರಕ್ಕೆ ಬಲ ಹಂಚುವ ಗೇರುಗಳು) ಕಡೆ ನೋಡಬೇಕು. ಬೇರೆ ಗೇರುಗಳಲ್ಲಿ ಕೊರೆದು, ನೇರ ಗೇರಿನಲ್ಲಿ (ಒಳಬರುವ, ಹೊರಹೋಗುವ ಶಾಫ್ಟ್ ಎರಡೂ ಒಂದೇ ವೇಗದಲ್ಲಿ ತಿರುಗುವ ಗೇರ್) ಅಡಗಿದರೆ ಒಳಗಿನ ಪ್ಲಾನೆಟರಿ ಗೇರುಗಳ (ನಡುವಿನ ಗೇರಿನ ಸುತ್ತ ತಿರುಗುವ ಸಣ್ಣ ಗೇರುಗಳ ಗುಂಪು) ಮೇಲೆ ಅನುಮಾನ. ನಮ್ಮದರಲ್ಲಿ 4ನೇದು ಆ ನೇರ ಗೇರ್. ಇದನ್ನೆಲ್ಲ ಕೇಳೋಕೆ ಒಳ್ಳೆ ಜಾಗ ಅಂದರೆ ಕಾಂಕ್ರೀಟ್ ತಡೆಗೋಡೆಯ ಪಕ್ಕ, ಇಲ್ಲವೇ ಅಂಡರ್‌ಪಾಸು. ಕಿಟಕಿ ಇಳಿಸಿ ನಿಧಾನಕ್ಕೆ ಹೋದರೆ ಗೋಡೆ ಸದ್ದನ್ನು ವಾಪಸ್ ನಮ್ಮ ಕಿವಿಗೇ ಎಸೆಯುತ್ತದೆ. ನೈಸ್ ರಸ್ತೆ ಬೆಳಗ್ಗೆ ಬೇಗ ಖಾಲಿ ಇರುತ್ತದೆ, ವೇಗದ ಪರೀಕ್ಷೆಗೆ ಅದು ಅನುಕೂಲ.

ಈ ಟಿಪ್ಪಣಿ ಹಿಡಿದು ಸರ್ವೀಸ್ ಸೆಂಟರಿಗೆ ಹೋದೆ. ಅವರ ಸ್ಕ್ಯಾನರ್ ನಿಜಕ್ಕೂ ಒಳ್ಳೆಯದು. ಗೇರ್ ಬಾಕ್ಸ್ ಆಯಿಲಿನ ಬಿಸಿ, ಕನ್ವರ್ಟರ್ ಎಷ್ಟು ಸ್ಲಿಪ್ ಆಗ್ತಿದೆ, ಎಲ್ಲ ಪರದೆ ಮೇಲೆ ಬರುತ್ತದೆ. ಕೋಡ್ ಇರಲಿಲ್ಲ. ಟೆಸ್ಟ್ ಡ್ರೈವ್ ಅಂತ ಅಲ್ಲೇ ಸರ್ವೀಸ್ ರೋಡಿನಲ್ಲಿ ಒಂದು ಸುತ್ತು, ಅದೂ ಎಸಿ ಜೋರಾಗಿ ಹಾಕಿಕೊಂಡು. ನನ್ನ ಟಿಪ್ಪಣಿ ಯಾರೂ ಓದಲಿಲ್ಲ. ಸಂಜೆ ಫೋನ್ ಬಂತು. ‘ಮೇಡಂ, ಅಸೆಂಬ್ಲಿನೇ ಚೇಂಜ್ ಮಾಡಬೇಕಾಗಬಹುದು.’ ಎಸ್ಟಿಮೇಟ್ ಲಕ್ಷಗಳಲ್ಲಿತ್ತು. ಯಾವ ಭಾಗ ಹೋಗಿದೆ ಅಂತ ಕೇಳಿದೆ. ಉತ್ತರ ಬರಲಿಲ್ಲ, ಯಾಕೆಂದರೆ ಅಲ್ಲಿ ಗೇರ್ ಬಾಕ್ಸ್ ಬಿಚ್ಚುವುದೇ ಇಲ್ಲ. ಇಷ್ಟು ದೊಡ್ಡ ಮೊತ್ತ ಕೇಳುವವರು ಕಾರಣ ಹೇಳಲೇಬೇಕು, ಅಲ್ವಾ? ಆದರೂ ವಾರಂಟಿ ಇದ್ದರೆ ಬೇರೆ ಯೋಚನೆ ಬೇಡ, ಅಲ್ಲಿಗೇ ಹೋಗಿ. ‘ಇದು ನಾರ್ಮಲ್’ ಅಂದರೂ ಸದ್ದಿನ ವಿವರವನ್ನು ಜಾಬ್ ಕಾರ್ಡಿನಲ್ಲಿ ಬರೆಸಿ. ಮುಂದೆ ಕ್ಲೇಮ್ ಮಾಡೋಕೆ ಆ ಕಾಗದ ಬೇಕಾಗುತ್ತದೆ.

ಏರಿಯಾ ಗ್ಯಾರೇಜ್ ಕಾಮಾಕ್ಷಿಪಾಳ್ಯದ ಒಂದು ಗಲ್ಲಿಯಲ್ಲಿದೆ. ಅಲ್ಲಿನ ಭಾಯ್ ವಯಸ್ಸಾದವರು. ಮೊದಲು ಕೇಳಿದ್ದೇ ‘ಯಾವಾಗ ಬರುತ್ತಮ್ಮಾ?’ ಅಂತ. ಟಕ್ ಅನ್ನೋದು ಗೇರ್ ಹಾಕಿದಾಗ, ಜೊತೆಗೆ ಸಿಗ್ನಲ್ಲಿನಲ್ಲಿ ನಿಂತು ಹೊರಟಾಗ ಅಂದೆ. ಎಂಜಿನ್ ಆಫ್ ಮಾಡಿಸಿ, ಚಕ್ರಕ್ಕೆ ಕಲ್ಲು ಕೊಡಿಸಿ, ಗಾಡಿಯನ್ನು ನ್ಯೂಟ್ರಲ್ಲಿಗೆ ಹಾಕಿಸಿ ಕೆಳಗೆ ಹೋದರು. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರದ ಕಡೆಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಎರಡೂ ಕೈಲಿ ಹಿಡಿದು ಆ ಕಡೆ ಈ ಕಡೆ ತಿರುವಿದರು. ಅದೇ ಟಕ್. ನನ್ನನ್ನೂ ಬಗ್ಗಿಸಿ ಟಾರ್ಚ್ ಹಾಕಿ ತೋರಿಸಿದರು. ಶಾಫ್ಟಿನ ಕೀಲಿನಲ್ಲಿರುವ ಜಾಯಿಂಟ್ ಕ್ರಾಸಿನ ಕ್ಯಾಪ್ ಸುತ್ತ ಕೆಂಪು ಪುಡಿ ಕೂತಿತ್ತು. ಗ್ರೀಸ್ ಒಣಗಿ, ಒಳಗಿನ ಸೂಜಿ ಬೇರಿಂಗ್ ತುಕ್ಕು ಹಿಡಿದು ಸವೆದರೆ ಬರುವ ಪುಡಿ ಅದು. ಹೊಸ ಕ್ರಾಸ್ ಹಾಕಿ ಗ್ರೀಸ್ ಹೊಡೆದರು. ಟಕ್ ಅವತ್ತೇ ಹೋಯಿತು. ಗೇರ್ ಬಾಕ್ಸ್ ಬದಲಿಸಿದ್ದರೂ ಈ ಸದ್ದು ಹೋಗುತ್ತಿರಲಿಲ್ಲ, ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ಗುಂಯ್ ಸದ್ದಿಗೆ ಅವರು ಉದ್ದನೆ ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು, ತುದಿಯನ್ನು ಗೇರ್ ಬಾಕ್ಸಿನ ಮೈಮೇಲೆ ಅಲ್ಲಲ್ಲಿ ಒತ್ತಿ ಕೇಳಿದರು. ಎಂಜಿನ್ನಿಗೆ ಸೇರುವ ಮುಂದಿನ ಗಂಟೆಯಾಕಾರದ ಕವಚದ (ಬೆಲ್ ಹೌಸಿಂಗ್) ಹತ್ತಿರ ಜೋರು, ಹಿಂದಕ್ಕೆ ಹೋದಂತೆ ಕಡಿಮೆ. ‘ಆಯಿಲ್ ಕಮ್ಮಿ ಇರಬಹುದು. ಇದಕ್ಕೆ ಕಡ್ಡಿ ಇಲ್ಲಮ್ಮಾ, ನಾನು ಮುಟ್ಟಲ್ಲ’ ಅಂದರು. ಆ ಮಾತಿಗೇ ನನಗೆ ಅವರ ಮೇಲೆ ಗೌರವ ಜಾಸ್ತಿಯಾಯಿತು. ಡಿಪ್ ಸ್ಟಿಕ್ ಇಲ್ಲದ ಗೇರ್ ಬಾಕ್ಸಿಗೆ ಅಂದಾಜಿನಲ್ಲಿ, ಸಿಕ್ಕಿದ ಆಯಿಲ್ ಸುರಿದರೆ ಇರೋ ಗೇರ್ ಬಾಕ್ಸೂ ಹಾಳು.

ಸ್ಪೆಷಲಿಸ್ಟ್ ಪೀಣ್ಯ ಕಡೆಯವರು. ಜೊತೆಗೆ ಬಂದು ಒಂದು ಸುತ್ತು ಹಾಕಿ, ಗಾಡಿಯನ್ನು ಸಮನಾಗಿ ಲಿಫ್ಟಿಗೆ ಏರಿಸಿದರು. ಇಂಥ ಗೇರ್ ಬಾಕ್ಸುಗಳಲ್ಲಿ ಲೆವೆಲ್ ನೋಡುವ ಕ್ರಮವೇ ಬೇರೆ. ಎಂಜಿನ್ ಓಡುತ್ತಿರಬೇಕು, ಆಯಿಲ್ ಕಂಪನಿ ಹೇಳಿದಷ್ಟೇ ಬಿಸಿ ಇರಬೇಕು. ಆಗ ಚೆಕ್ ಪ್ಲಗ್ ಬಿಚ್ಚಿದರೆ ಸಣ್ಣ ಧಾರೆ ಇಳಿಯಬೇಕು. ನಮ್ಮದರಲ್ಲಿ ಒಂದು ಹನಿಯೂ ಬರಲಿಲ್ಲ. ಆಯಿಲ್ ಕಡಿಮೆಯಾಗಿ ಪಂಪ್ ಗಾಳಿ ಎಳೆಯುತ್ತಿತ್ತು, ಆ ಗುಂಯ್ ಅದರದ್ದೇ. ಕೂಲರ್ ಪೈಪ್ ರೇಡಿಯೇಟರಿಗೆ ಸೇರುವ ಕಡೆ ಧೂಳು ಮೆತ್ತಿದ ಒದ್ದೆ ಕಲೆ ಇತ್ತು. ಅಲ್ಲಿಂದ ಜಿನುಗಿ ಹೋಗಿದೆ. ಆಮೇಲೆ ತಳದ ಪ್ಯಾನ್ ಬಿಚ್ಚಿ ಅದರ ಮ್ಯಾಗ್ನೆಟ್ಟನ್ನು ಬಿಳಿ ಟಿಶ್ಯೂ ಮೇಲೆ ಒರೆಸಿ ನನ್ನ ಮುಂದಿಟ್ಟರು. ನುಣ್ಣನೆ ಬೂದು ಪೇಸ್ಟ್. ಅದು ಮಾಮೂಲಿ ಸವೆತ. ಲೋಹದ ಚೂರು ಇದ್ದಿದ್ದರೆ, ಆಯಿಲ್ ಕಪ್ಪಾಗಿ ಸುಟ್ಟ ವಾಸನೆ ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು. ಸೀಲ್ ಬದಲಿಸಿ, ಹೇಳಿದ ಗ್ರೇಡಿನ ಆಯಿಲ್ ತುಂಬಿದರು. ಸದ್ದು ನಿಂತಿತು. ಬಿಲ್ ಆ ಎಸ್ಟಿಮೇಟಿನ ಹತ್ತಿರಕ್ಕೂ ಬರಲಿಲ್ಲ. ಒಂದು ದೂರು ಇದೆ: ದಿನವಿಡೀ ಕಾಯಿಸುತ್ತಾರೆ. ಚೆಕಿಂಗ್ ಚಾರ್ಜ್ ಬೇರೆ, ಆದರೆ ಅದು ಕೊಡಬೇಕಾದ ದುಡ್ಡೇ.

ಈಗ ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ. ನಿಂತು ಹೊರಡುವಾಗ ಟಕ್, ತಣ್ಣಗಿರುವಾಗ ತಗಡು ಅದುರುವಂಥ ಸದ್ದು ಅಂದರೆ ಮೊದಲು ಏರಿಯಾ ಗ್ಯಾರೇಜ್. ಕ್ರಾಸ್, ಮೌಂಟಿಂಗ್, ಸೈಲೆನ್ಸರ್ ಮೇಲಿನ ಹೀಟ್ ಶೀಲ್ಡ್ ಇವೆಲ್ಲ ಅಲ್ಲೇ ಬಗೆಹರಿಯುತ್ತವೆ. ಪಾರ್ಕಿನಲ್ಲೇ ಗುಂಯ್ ಅಂದರೆ ಸ್ಪೆಷಲಿಸ್ಟ್. ಗಂಟೆಗೆ 60–80 ಕಿ.ಮೀ. ವೇಗದಲ್ಲಿ ಆಕ್ಸಿಲರೇಟರ್ ಹಗುರಾಗಿ ಒತ್ತಿದಾಗ, ಸಾಲು ಹಂಪುಗಳ ಮೇಲೆ ಹೋದ ಹಾಗೆ ಗಾಡಿ ನಡುಗಿದರೂ ಅವರೇ ಬೇಕು. ಆ ನಡುಕ ಬಂದಾಗ ಬ್ರೇಕ್ ಪೆಡಲನ್ನು ಸುಮ್ನೆ ತಾಗಿಸಿ ನೋಡಿ. ನಡುಕ ತಕ್ಷಣ ನಿಂತರೆ ಕನ್ವರ್ಟರಿನ ಲಾಕಪ್ ಕ್ಲಚ್ (ಎಂಜಿನ್ನನ್ನೂ ಗೇರ್ ಬಾಕ್ಸನ್ನೂ ನೇರವಾಗಿ ಬಿಗಿಯುವ ಭಾಗ) ಮೇಲೆ ಅನುಮಾನ ಗಟ್ಟಿ.

ಲೋಹ ಲೋಹಕ್ಕೆ ಉಜ್ಜುವ ಕರಕರ ಸದ್ದು ಬಂದು, ಎಂಜಿನ್ ಏರಿದರೂ ಗಾಡಿ ಎಳೆಯದಿದ್ದರೆ ಅಲ್ಲೇ ನಿಲ್ಲಿಸಿ. ಹಗ್ಗ ಕಟ್ಟಿ ಎಳೆಯೋಣ ಅಂತ ಯಾರಾದರೂ ಬಂದರೆ ಬೇಡ ಅನ್ನಿ. ಎಂಜಿನ್ ಆಫ್ ಆಗಿದ್ದರೆ ಪಂಪ್ ತಿರುಗುವುದಿಲ್ಲ, ಹಿಂದಿನ ಚಕ್ರ ಉರುಳಿದಷ್ಟೂ ಗೇರ್ ಬಾಕ್ಸ್ ಆಯಿಲಿಲ್ಲದೆ ಒಣಗಿ ಉಜ್ಜುತ್ತದೆ. ನಾಲ್ಕೂ ಚಕ್ರ ಮೇಲೇರುವ ಫ್ಲಾಟ್ ಬೆಡ್ಡೇ ಬೇಕು ಅಂತ ಫೋನಿನಲ್ಲೇ ಹೇಳಿ ಕರೆಸಿ.