‘ಮಗುಚಿದರೆ ಎದ್ದು ನಿಂತರಾಯ್ತು’ ಅನ್ನುವವರ ಜೊತೆ ನದಿಗೆ ಇಳಿಯಬೇಡಿ

ತೊಡೆಮಟ್ಟದ ನೀರು. ತಳದ ಕಲ್ಲುಗಳು ಕಾಣುವಷ್ಟು ತಿಳಿ. ಅಂಥ ನದಿಯಲ್ಲಿ ನಾನು ಮುಳುಗಿ ಸಾಯುವುದು ಕೂದಲೆಳೆಯಲ್ಲಿ ತಪ್ಪಿತು. ರಭಸದ ನೀರಿನಲ್ಲಿ ಕಯಾಕ್ (ಮೇಲೆ ಮುಚ್ಚಿದ, ಒಬ್ಬರೇ ಕೂತು ಹುಟ್ಟು ಹಾಕುವ ಕಿರುದೋಣಿ) ನಡೆಸಲು ಕಲಿಯಬೇಕೆಂದು ಹೊರಟವರು, ಮಕ್ಕಳನ್ನು ಕಲಿಯಲು ಕಳಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಆವತ್ತು ನಮ್ಮನ್ನು ಕರೆದುಕೊಂಡು ಹೋದವರು ದಡದಲ್ಲಿ ಹೇಳಿದ್ದು ಇಷ್ಟೇ: “ನೀರು ಕಮ್ಮಿ ಇದೆ, ಹೆದರಬೇಡಿ. ಮಗುಚಿದರೆ ಎದ್ದು ನಿಂತರಾಯ್ತು.” ನಮ್ಮಲ್ಲಿ ಹೊಸಬರು ಯಾರೂ ನಿಂತ ನೀರಿನಲ್ಲಿ ಒಮ್ಮೆಯೂ ಮಗುಚಿ ಹೊರಬರುವ ಅಭ್ಯಾಸ ಮಾಡಿರಲಿಲ್ಲ. ಹರಿವಿನ ಕಷ್ಟವನ್ನು 1ರಿಂದ 6ರವರೆಗಿನ ದರ್ಜೆಗಳಲ್ಲಿ ಅಳೆಯುತ್ತಾರೆ. ನಾವಿದ್ದದ್ದು 2ನೇ ದರ್ಜೆಯ ಹರಿವು. ಅದನ್ನು ಕೇಳಿ ನಾನೂ ಸಮಾಧಾನಪಟ್ಟುಕೊಂಡಿದ್ದೆ. ನೀರು ಇಳಿದಾಗ ಮುಳುಗಿದ್ದ ಬಂಡೆಗಳು ತಲೆಯೆತ್ತುತ್ತವೆ, ದೋಣಿ ಹಾಯುವ ದಾರಿ ಕಿರಿದಾಗುತ್ತದೆ ಅನ್ನುವುದು ನನ್ನ ತಲೆಗೇ ಹೊಳೆಯಲಿಲ್ಲ.

ಮೊದಲ ಸಲ ಮಗುಚಿದ್ದು ಅಂಥದೇ ಒಂದು ಬಂಡೆಯ ಬಳಿ. ಸೆಳವು ಕಯಾಕನ್ನು ಅಡ್ಡ ತಿರುಗಿಸಿ ಬಂಡೆಗೆ ಒತ್ತಿತು. ಹೆದರಿ ಬಂಡೆಯಿಂದ ಆಚೆಗೆ, ಅಂದರೆ ನೀರು ಬರುವ ಕಡೆಗೆ ವಾಲಿದೆ. ಯಾರ ಮೈಯಾದರೂ ಹಾಗೇ ವಾಲುತ್ತದೆ. ವಾಲಿದ ಕೂಡಲೇ ಆ ಬದಿಯ ಅಂಚು ತಗ್ಗಿತು, ಬರುವ ನೀರು ಅದರ ಮೇಲೆ ಹತ್ತಿತು, ರೆಪ್ಪೆ ಬಡಿಯುವುದರೊಳಗೆ ತಲೆಕೆಳಗಾಗಿದ್ದೆ. ಬಂಡೆಯ ಕಡೆಗೇ ವಾಲಬೇಕಿತ್ತು. ಅದನ್ನು ತಬ್ಬಿಕೊಂಡಂತೆ ಹಿಡಿದು, ಮೆಲ್ಲಗೆ ದೋಣಿಯನ್ನು ಸರಿಸಿಕೊಳ್ಳಬೇಕಿತ್ತು. ಇದನ್ನು ಹೇಳಿಕೊಡಲು ಒಂದು ನಿಮಿಷ ಸಾಕು.

ಆಳದಲ್ಲಿ ಮಗುಚಿದರೆ ತಲೆಯ ಕೆಳಗೆ ನೀರಿರುತ್ತದೆ. ಇಲ್ಲಿ ಕಲ್ಲಿತ್ತು. ಹೆಲ್ಮೆಟ್ ಕಲ್ಲಿಗೆ ಉಜ್ಜಿದ ಕರಕರ ಸದ್ದು ತಲೆಯ ಒಳಗಿಂದಲೇ ಎದ್ದಂತಿತ್ತು. ಗಾಬರಿಗೆ ಹಿಂದಕ್ಕೆ ಮೈ ಚಾಚಿದ್ದರಿಂದ ಗಲ್ಲವೂ ತರಚಿಹೋಯಿತು. ಮಗುಚುತ್ತಿದ್ದೀರಿ ಅನ್ನಿಸಿದ ಕ್ಷಣ ಮುಂದಕ್ಕೆ ಬಾಗಿ, ಹಣೆಯನ್ನು ಕಯಾಕಿನ ಮೇಲ್ಭಾಗಕ್ಕೆ ಒತ್ತಿಕೊಳ್ಳಬೇಕು. ಆಗ ಮುಖಕ್ಕೆ ಬೀಳುವ ಪೆಟ್ಟು ಹೆಲ್ಮೆಟ್ಟಿಗೂ ಲೈಫ್ ಜಾಕೆಟ್ಟಿನ ಬೆನ್ನಿಗೂ ಬೀಳುತ್ತದೆ.

ಎರಡನೇ ಸಲದ್ದು ಸ್ಪ್ರೇ ಸ್ಕರ್ಟ್‌ನಿಂದ ಆದ ಅವಾಂತರ. ಕಯಾಕಿನೊಳಗೆ ನೀರು ನುಗ್ಗದಂತೆ ಸೊಂಟಕ್ಕೆ ತೊಟ್ಟು, ಕೂರುವ ಬಾಯಿಯ ಸುತ್ತ ಬಿಗಿಯುವ ಹೊದಿಕೆ ಅದು. ಅದರ ಮುಂದೆ ಒಂದು ಕುಣಿಕೆ ಇರುತ್ತದೆ, ಎಳೆದರೆ ಹೊದಿಕೆ ಕಳಚಿ ನೀವು ಹೊರಬರಬಹುದು. ಅವಸರದಲ್ಲಿ ಬಿಗಿಯುವಾಗ ನನ್ನ ಕುಣಿಕೆ ಒಳಗೇ ಸಿಕ್ಕಿಕೊಂಡಿತ್ತು. ನನಗೆ ಬಿಗಿದುಕೊಟ್ಟವರೂ ನೋಡಿರಲಿಲ್ಲ. ತಲೆಕೆಳಗಾಗಿ ನೀರಿನಲ್ಲಿ ಅಂಚನ್ನು ತಡಕಿದೆ, ಕುಣಿಕೆ ಇಲ್ಲ. ಮತ್ತೆ ತಡಕಿದೆ, ಇಲ್ಲ. ಕೊನೆಗೆ ಸೊಂಟದ ಪಕ್ಕ ಬಟ್ಟೆಯನ್ನೇ ಮುಷ್ಟಿಯಲ್ಲಿ ಹಿಡಿದು ಜಗ್ಗಿದಾಗ ಅಂಚು ಬಿಟ್ಟಿತು. ಆ ಹೊತ್ತಿನ ಎದೆಬಡಿತ ಈಗಲೂ ನಿದ್ದೆಯಲ್ಲಿ ಎಬ್ಬಿಸುತ್ತದೆ. ಹೊರಡುವ ಮುಂಚೆ ಕುಣಿಕೆ ಹೊರಗಿದೆಯೇ ಅಂತ ಕೈಯಿಂದ ಮುಟ್ಟಿ ನೋಡಿ. ಪಕ್ಕದವರದ್ದನ್ನೂ ನೋಡಿ.

ಆಗಲೇ ನಿಲ್ಲಿಸಬೇಕಿತ್ತು. ದಣಿದಿದ್ದೆ, ಚಳಿಗೆ ಬೆರಳು ಮರಗಟ್ಟಿದ್ದವು. ಆದರೂ “ಇನ್ನೇನು ಸ್ವಲ್ಪ ದೂರ” ಅಂದರು, ಹೊರಟೆ.

ಮೂರನೇ ಸಲ ಕಯಾಕಿನಿಂದ ಸಲೀಸಾಗಿ ಹೊರಬಂದೆ. ಲೈಫ್ ಜಾಕೆಟ್ ಎತ್ತಿ ಹಿಡಿದಿತ್ತು, ತೇಲುತ್ತಿದ್ದೆ. ಕಾಲಿಗೆ ತಳ ತಗುಲಿತು. ದಡದಲ್ಲಿ ಕೇಳಿದ ಮಾತು ನೆನಪಾಗಿ ಎದ್ದು ನಿಂತೆ. ಎಡಪಾದ ಎರಡು ಕಲ್ಲುಗಳ ಸಂದಿಗೆ ಹಿಮ್ಮಡಿಯವರೆಗೆ ಇಳಿಯಿತು. ಹಿಂದಿನಿಂದ ನೀರು ಮಂಡಿಗೆ ಗುದ್ದಿತು, ಮೈ ಮುಂದಕ್ಕೆ ಮಡಚಿತು, ಮುಖ ನೀರಿನೊಳಗೆ ಹೋಯಿತು. ಕೈಯೂರಿ ಎದ್ದರೆ ಒಂದು ಉಸಿರು ಸಿಗುತ್ತಿತ್ತು, ಮತ್ತೆ ಒಳಗೆ. ಬೆನ್ನ ಮೇಲೆ ನೀರು ಒತ್ತುತ್ತಿರುವಾಗ ಲೈಫ್ ಜಾಕೆಟ್ ಮೇಲೆತ್ತಲಾರದು. ನೀರಿನ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ನೋಡಲು ತೊಡೆಮಟ್ಟದ ನೀರು, ಆದರೆ ಅದರೆದುರು ನನ್ನ ಬಲ ಏನೇನೂ ಸಾಲಲಿಲ್ಲ.

ನನ್ನ ಜೊತೆ ಬಂದಿದ್ದವರಲ್ಲಿ ಇಬ್ಬರು ಈ ಮುಂಚೆ ಬೇರೆಡೆ ಸರಿಯಾಗಿ ಕಲಿತವರು. ಪುಣ್ಯಕ್ಕೆ ಒಬ್ಬರು ಆ ದಡದಲ್ಲಿ, ಒಬ್ಬರು ಈ ದಡದಲ್ಲಿದ್ದರು. ಹಗ್ಗದ ಚೀಲ ಎಸೆದು, ಎರಡು ತುದಿ ಹಿಡಿದು, ನನಗಿಂತ ಕೆಳಗಿನಿಂದ ಹಗ್ಗವನ್ನು ಮೇಲಕ್ಕೆ ತಂದು ನನ್ನ ಎದೆಗೆ ಆನಿಸಿದರು. ಅದರ ಮೇಲೆ ಭಾರ ಹಾಕಿದಾಗ ಮುಖ ನೀರಿನಿಂದ ಮೇಲೆ ನಿಂತಿತು. ಹೊಟ್ಟೆತುಂಬ ಉಸಿರೆಳೆದುಕೊಂಡೆ. ಆಮೇಲೆ ಪಾದವನ್ನು ಹೋದ ದಾರಿಯಲ್ಲೇ, ಹಿಂದಕ್ಕೆ ಎಳೆದು ಬಿಡಿಸಿಕೊಂಡೆ. ಮುಂದಕ್ಕೆ ಕಿತ್ತಷ್ಟೂ ಅದು ಇನ್ನೂ ಬಿಗಿಯುತ್ತಿತ್ತು. ನಮ್ಮನ್ನು ಕರೆತಂದವರ ಬಳಿ ಹಗ್ಗವೇ ಇರಲಿಲ್ಲ ಅನ್ನುವುದು ಆಮೇಲೆ ಗೊತ್ತಾಗಿ ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ಹರಿಯುವ ನೀರು ಮೊಣಕಾಲಿಗಿಂತ ಮೇಲಿದ್ದರೆ ನಿಲ್ಲಬೇಡಿ. ಅಂಗಾತ ತೇಲಿ, ಪಾದಗಳನ್ನು ನೀರು ಹೋಗುವ ದಿಕ್ಕಿಗೆ ಚಾಚಿ, ಬೆರಳತುದಿ ನೀರಿನ ಮೇಲೆ ಕಾಣುವಷ್ಟು ಎತ್ತಿಕೊಳ್ಳಿ. ಬಂಡೆ ಎದುರಾದರೆ ಕಾಲಿನಿಂದ ತಳ್ಳಿ. ದಾರಿ ತೆರವಾದಾಗ ಬೋರಲಾಗಿ ದಡಕ್ಕೆ ಜೋರಾಗಿ ಈಜಿ. ನೀರು ತುಂಬಿದ ಕಯಾಕ್ ನೂರಾರು ಕಿಲೋ ತೂಗುತ್ತದೆ, ಅದಕ್ಕೂ ಬಂಡೆಗೂ ನಡುವೆ ಸಿಕ್ಕಿಕೊಳ್ಳಬೇಡಿ. ಅದು ಕೊಚ್ಚಿಹೋದರೆ ಹೋಗಲಿ.

ಕಲಿಸುವವರನ್ನು ದಡದಲ್ಲೇ ಕೇಳಿ: ನಿಂತ ನೀರಿನಲ್ಲಿ ಮಗುಚಿ ಹೊರಬರುವುದನ್ನು ಮೊದಲು ಮಾಡಿಸುತ್ತೀರಾ? ಎಸೆಯುವ ಹಗ್ಗ ಎಲ್ಲಿದೆ, ಯಾರ ಕೈಯಲ್ಲಿರುತ್ತದೆ? ಕೊನೆಗೆ, ಮಗುಚಿದರೆ ಏನು ಮಾಡಬೇಕು ಅಂತ ಕೇಳಿ. ಎದ್ದು ನಿಲ್ಲಿ ಅಂದರೆ ಹೆಲ್ಮೆಟ್ ಕಳಚಿಕೊಟ್ಟು ವಾಪಸ್ ಬನ್ನಿ.

ಪಾದದ ಊತ ಇಳಿದ ಮೇಲೆ ನಾನು ಮತ್ತೆ ಕಲಿಯುತ್ತಿದ್ದೇನೆ, ಈ ಸಲ ಕೊಳದಲ್ಲಿ. ಕಣ್ಣು ಮುಚ್ಚಿ ಮಗುಚಿ, ಕುಣಿಕೆ ಹುಡುಕಿ, ಎಳೆದು ಹೊರಬರುವುದು. ದಿನಕ್ಕೆ ಹತ್ತು ಸಲ.